ಹತ್ತುವ ಮೊದಲಿನ ಬೆಲ್ಲ

ಬಿ.ಸಿ.ರೋಡಿನ ಬಸ್ ನಿಲ್ದಾಣದ ಹಿಂದುಗಡೆ, ಮೊಬೈಲ್ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಒಂದು ಬೇಕರಿ ಇದೆ. ಅಲ್ಲಿ ಬ್ರೆಡ್ಡು, ಬನ್ನು, ರಸ್ಕು ಮಾಡುವ ಝಕರಿಯಾನಿಗೆ ಈಗ ನಲವತ್ತೈದು ದಾಟಿದೆ. ಗಟ್ಟಿಮುಟ್ಟಾದ ಆಳು. ತೋಳು ನೋಡಿದರೆ ಮೈದಾ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಿಯಾನು ಅನ್ನಿಸಬೇಕು. ಆದರೆ ಆ ಮೈ ಅವನಿಗೆ ಗಳಿಸಿಕೊಟ್ಟದ್ದು ಒಂದೇ ಹೆಸರು: ಉದಾಸೀನದವ. ಬೇರೆ ಊರಿನವರಿಗೆ ಉದಾಸೀನ ಎಂದರೆ ಏನೋ ದೊಡ್ಡ ವೈರಾಗ್ಯದ ಹಾಗೆ ಕೇಳಿಸಬಹುದು. ನಮ್ಮ ಕಡೆ ಹಾಗೇನಿಲ್ಲ, ಶುದ್ಧ ಸೋಮಾರಿತನಕ್ಕೇ ಇಲ್ಲಿ ಉದಾಸೀನ ಎನ್ನುತ್ತಾರೆ.

ಒಬ್ಬನನ್ನು ಕಳ್ಳ ಎಂದರೆ ನಾಲ್ಕು ಜನ ಸಾಕ್ಷಿ ಕೇಳುತ್ತಾರೆ. ಸೋಮಾರಿ ಎನ್ನುವುದಕ್ಕೆ ಸಾಕ್ಷಿಯೂ ಬೇಡ, ವಿಚಾರಣೆಯೂ ಬೇಡ. ಕೂತದ್ದು ಕಂಡರೆ ಸಾಕು, ತೀರ್ಪು ತಯಾರು. ಝಕರಿಯಾ ಮೊದಮೊದಲು ಒಳಗೊಳಗೇ ತಕರಾರು ಮಾಡುತ್ತಿದ್ದ. ತಾನು ಸೋಮಾರಿ ಅಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು, ಆದರೆ ಹಾಗೆಂದು ತೋರಿಸಿಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಬರಬರುತ್ತಾ, ಇಷ್ಟು ಜನ ಹೇಳುವಾಗ ಇದ್ದರೂ ಇರಬಹುದು ಎಂದು ಅವನೇ ನಂಬಿದ. ಆ ನಂಬಿಕೆ ಹೇಗೆ ಕಳಚಿಬಿತ್ತು ಎಂಬುದನ್ನು ಹೇಳಬೇಕಾದರೆ ಒಂದು ಚೆಂಬು ನೀರಿನಿಂದಲೇ ಶುರು ಮಾಡಬೇಕು.

ಝಕರಿಯಾ ಶಾಲೆಗೆ ಹೋದದ್ದು ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ, ತಾಯಿಯ ತಾಯಿ ಆಸ್ಯಮ್ಮನ ಮನೆಯಲ್ಲಿದ್ದುಕೊಂಡು. ಅಪ್ಪ ಬದ್ರುದ್ದೀನ್ ಆಗಷ್ಟೇ ಬಿ.ಸಿ.ರೋಡಿನಲ್ಲಿ ಬೇಕರಿ ಹಾಕಿದ್ದರು. ಬೇಕರಿಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಅಲ್ಲಿ ಓದುವುದಕ್ಕೆ ಜಾಗ ಇಲ್ಲ ಎಂದು ಹುಡುಗನನ್ನು ಅಜ್ಜಿಯ ಹತ್ತಿರ ಬಿಟ್ಟರು. ಶಾಲೆ ಇದ್ದದ್ದು ಗುಡ್ಡೆಯ ಮೇಲೆ. ದಾರಿ ಉದ್ದವೇನಲ್ಲ, ಆದರೆ ಕಡಿದು. ಮಕ್ಕಳೆಲ್ಲ ಚೀಲ ಬೆನ್ನಿಗೆ ಹಾಕಿಕೊಂಡು ಹೋ ಎಂದು ಕೂಗುತ್ತಾ ಓಡಿ ಹತ್ತುತ್ತಿದ್ದರು. ಝಕರಿಯಾನೂ ಅವರ ಜತೆಗೇ ಓಡುತ್ತಿದ್ದ. ಅರ್ಧ ದಾರಿ ಮುಟ್ಟುವುದರೊಳಗೆ ತೊಡೆಗಳು ಮರಗಟ್ಟುತ್ತಿದ್ದವು. ಸ್ನಾಯು ಗಂಟು ಕಟ್ಟಿಕೊಂಡು ಒಂದು ಹೆಜ್ಜೆ ಮುಂದಿಡಲು ಆಗುತ್ತಿರಲಿಲ್ಲ. ದಾರಿಯ ಪಕ್ಕದಲ್ಲಿ ಒಂದು ಕರಿ ಪಾದೆಕಲ್ಲು ಇತ್ತು. ಅದರ ಮೇಲೆ ಕೂತುಬಿಡುತ್ತಿದ್ದ.

“ಅಜ್ಜ ಕೂತ, ಅಜ್ಜ ಕೂತ” ಎಂದು ಉಳಿದವರು ಮೇಲಿನಿಂದ ಕೂಗುತ್ತಿದ್ದರು.

ಸ್ವಲ್ಪ ಹೊತ್ತು ಕೂತರೆ ಗಂಟು ಸಡಿಲವಾಗುತ್ತಿತ್ತು. ಆಮೇಲೆ ಎದ್ದು, ಏನೂ ಆಗದವನ ಹಾಗೆ ಹತ್ತಿ ಹೋಗುತ್ತಿದ್ದ. ಅವನ ಕೇಸು ಕೆಟ್ಟದ್ದೇ ಅದರಿಂದ. ಕಾಲು ನಿಜವಾಗಿ ನೋಯುವವನು ಮತ್ತೆ ಹಾಗೆ ನಡೆಯುತ್ತಾನಾ ಎಂದು ಮಾಷ್ಟ್ರು ಕೇಳಿದರು. ಹುಡುಗ ಮುಳ್ಳು ಚುಚ್ಚಿತ್ತು ಎಂದು ಒಮ್ಮೆ, ಚಪ್ಪಲಿಯ ಉಂಗುಷ್ಠ ಕಿತ್ತಿತ್ತು ಎಂದು ಇನ್ನೊಮ್ಮೆ ಹೇಳಿದ. ಹೀಗೆ ಸೋಮಾರಿ ಎಂಬ ಹೆಸರಿನ ಜತೆಗೆ ಸುಳ್ಳುಬುರುಕ ಎಂಬುದೂ ಸೇರಿಕೊಂಡಿತು.

ಗುಡ್ಡೆಯ ಬುಡದಲ್ಲಿ ಪೂವಮ್ಮ ಎಂಬವರ ಮನೆ. ಗಂಡ ಜತ್ತಪ್ಪನಿಗೆ ಸ್ವಲ್ಪ ಗದ್ದೆ, ಹಿಂದುಗಡೆ ನಾಲ್ಕು ಸಾಲು ರಬ್ಬರು. ಪೂವಮ್ಮನ ಆಸ್ತಿ ಎಂದರೆ ಅವರ ಸ್ವರ. ಕೋಳಿ, ದನ, ಗಂಡ, ನೆರೆಮನೆಯವರು ಯಾರಿಗೂ ಭೇದ ಮಾಡದೆ ಬೈಯುತ್ತಿದ್ದರು, ಆ ಬೈಗುಳ ಮೇಲಿನ ಶಾಲೆಯವರೆಗೂ ಕೇಳುತ್ತಿತ್ತು. ಎಲ್ಲರ ಬಾಯಲ್ಲಿ ಅವರು ಪೂವಕ್ಕ. ಮಕ್ಕಳು ಆ ಅಂಗಳ ದಾಟುವಾಗ ಸದ್ದು ಮಾಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಝಕರಿಯಾ ಧೈರ್ಯ ಮಾಡಿ ಅಂಗಳಕ್ಕೆ ಹೋಗಿ ಕುಡಿಯಲು ನೀರು ಕೇಳಿದ. ಪೂವಕ್ಕ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ತಂದು ಜಗಲಿಯ ಮೇಲಿಟ್ಟರು. ಮಾರನೆಯ ದಿನ ಅವನು ಕೇಳಲಿಲ್ಲ, ಅವರೇ ಕರೆದರು. ಅದರ ಮಾರನೆಯ ದಿನ ಬೆಲ್ಲವನ್ನು ನೀರಿನಲ್ಲಿ ಕದಡಿಯೇ ಇಟ್ಟಿದ್ದರು. ಆಮೇಲೆ ಅದು ದಿನನಿತ್ಯದ ಕೆಲಸವಾಯಿತು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ವಾಡಿಕೆ. ಬಿಸಿಲಿನಲ್ಲಿ ನಡೆದು, ಗುಡ್ಡೆ ಇಳಿದು, ಸುಸ್ತಾಗಿ ಬಂದವರಿಗೆ ಅದು. ಆಗಷ್ಟೇ ಅಜ್ಜಿ ಮನೆಯಲ್ಲಿ ಗಂಜಿ ಉಂಡು ಹೊರಟವನನ್ನು, ಇನ್ನೂ ಬೆವರೇ ಬಾರದವನನ್ನು ದಾರಿಯಲ್ಲಿ ಹಿಡಿದು ನಿಲ್ಲಿಸಿ ಬೆಲ್ಲ ಕೊಡುವುದು ಯಾವ ಪದ್ಧತಿಯಲ್ಲೂ ಇಲ್ಲ. ನೆರೆಮನೆಯ ಹೆಂಗಸೊಬ್ಬಳು ಬೇಲಿಯ ಆಚೆಯಿಂದ ನಕ್ಕಳು.

“ಎಂತ ಪೂವಕ್ಕ, ಬರುವವರಿಗೆ ಕೊಡುವುದನ್ನು ಹೋಗುವವನಿಗೆ ಕೊಡ್ತೀರಲ್ಲ?”

“ನನ್ನ ಬೆಲ್ಲ, ನನ್ನ ನೀರು. ಹೋಗುವವನಿಗೆ ಕೊಟ್ಟರೆ ನಿನ್ನ ಗಂಟು ಎಂತ ಹೋಗ್ತದೆ?” ಎಂದರು ಪೂವಕ್ಕ. ಬೇಲಿಯ ಆಚೆಯವಳು ಒಳಗೆ ನಡೆದಳು.

ಕುಡಿದ ಕೂಡಲೇ ಓಡಲು ಬಿಡುತ್ತಿರಲಿಲ್ಲ ಎಂಬುದೊಂದೇ ಹುಡುಗನಿಗಿದ್ದ ಸಂಕಟ. ಅಂಗಳದಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರು. ಅವರು ಅಂಗಳ ಗುಡಿಸುತ್ತಾ ಇರುತ್ತಿದ್ದರು, ಇವನು ಮಗ್ಗಿ ಒಪ್ಪಿಸುತ್ತಾ ಇರುತ್ತಿದ್ದ. ತಪ್ಪಿದರೆ ಮೊದಲಿನಿಂದ. ಉಳಿದ ಮಕ್ಕಳು ಅಷ್ಟರಲ್ಲಿ ಗುಡ್ಡೆ ಹತ್ತಲು ಶುರು ಮಾಡಿರುತ್ತಿದ್ದರು. ಆಮೇಲೆ “ಹ್ಞೂಂ, ಹೋಗು ಇನ್ನು” ಎಂದು ಹಿಡಿಸೂಡಿ ಎತ್ತಿ ಅಪ್ಪಣೆ ಕೊಡುತ್ತಿದ್ದರು. ಆ ಬೆಳಗುಗಳಲ್ಲಿ ಪಾದೆಕಲ್ಲು ಬಂದದ್ದೂ ಹೋದದ್ದೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಯಾಕೆ ಎಂದು ಯೋಚಿಸುವ ಪ್ರಾಯವೂ ಅಲ್ಲ ಅದು. ಅಮ್ಮ ದೂರ ಇರುವ ಹುಡುಗ, ಪಾಪ ಎಂದು ಪೂವಕ್ಕ ಕೊಡುತ್ತಾರೆ ಎಂದು ಊರಿನವರು ಹೇಳಿದರು. ಅವನೂ ಹಾಗೆಯೇ ತಿಳಿದುಕೊಂಡ. ಬೆಲ್ಲ ರುಚಿಯಾಗಿತ್ತು, ಆದರೆ ಆ ‘ಪಾಪ’ ಎಂಬ ಮಾತು ಅವನಿಗೆ ರುಚಿಸುತ್ತಿರಲಿಲ್ಲ.

ಹತ್ತನೆಯ ಕ್ಲಾಸು ಮುಗಿದ ಮೇಲೆ ಅಪ್ಪ ಅವನನ್ನು ಬೇಕರಿಗೆ ಕರೆಸಿಕೊಂಡರು. ಬದ್ರುದ್ದೀನರದ್ದು ಕಬ್ಬಿಣದ ಮೈ. ಉದ್ದನೆಯ ಮರದ ಮರಿಗೆಯಲ್ಲಿ ಮೈದಾ ಸುರಿದು ಒಬ್ಬರೇ ನಾದುವವರು. ಮಗನಿಗೂ ಅದನ್ನೇ ಕಲಿಸಲು ಹೊರಟರು. ಝಕರಿಯಾ ಉತ್ಸಾಹದಿಂದಲೇ ಕೈ ಹಾಕಿದ. ಹಿಟ್ಟು ಇನ್ನೂ ಒಂದಾಗಿರಲಿಲ್ಲ, ಮುಂಗೈಗಳು ಕಲ್ಲಾದವು. ಬೆರಳುಗಳು ಮಡಚಿಕೊಂಡು ಮುಷ್ಟಿಯಾಗಿ ಹಿಟ್ಟಿನೊಳಗೇ ಸಿಕ್ಕಿಬಿದ್ದವು. ಬಿಡಿಸಲು ನೋಡಿದರೆ ಬಿಡಿಸಲು ಬರುವುದಿಲ್ಲ.

“ನಾಟಕ ಸಾಕು, ನಾದು” ಎಂದರು ಬದ್ರುದ್ದೀನ್.

“ಕೈ ಬಿಡಿಸ್ಲಿಕ್ಕೆ ಆಗುವುದಿಲ್ಲ ಬಾಪ.”

ಕೆಲಸದವರು ನೋಡುತ್ತಿದ್ದರು. ಧಣಿಯ ಮಗನಿಗೆ ಉದಾಸೀನ ಎಂಬ ಸುದ್ದಿ ಆ ಸಂಜೆಯೊಳಗೆ ಬಸ್ ನಿಲ್ದಾಣ ಸುತ್ತಿ ಬಂತು. ಬದ್ರುದ್ದೀನರಿಗೆ ಆದದ್ದು ಸಿಟ್ಟಲ್ಲ, ಅವಮಾನ. ಅದು ಇನ್ನೂ ಕಷ್ಟ. ಸಿಟ್ಟು ಇಳಿಯುತ್ತದೆ, ಅವಮಾನ ಹಾಗೆ ಇಳಿಯುವುದಿಲ್ಲ. ಮಗನನ್ನು ಬೈಯುವುದನ್ನೇ ಬಿಟ್ಟು, ನಾದುವ ಕಡೆಗೆ ಬರುವುದೇ ಬೇಡ ಎಂದುಬಿಟ್ಟರು.

ಹಾಗಾಗಿ ಝಕರಿಯಾನಿಗೆ ಸಿಕ್ಕಿದ ಕೆಲಸ ಹಿಟ್ಟು ಕಾಯುವುದು. ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಅದು ಉಬ್ಬಿ ಹದಕ್ಕೆ ಬರುವವರೆಗೆ ಪಕ್ಕದಲ್ಲಿ ಕೂತಿರಬೇಕು. ಸೋಮಾರಿಗೆ ಹೇಳಿ ಮಾಡಿಸಿದ ಕೆಲಸ ಎಂದು ಎಲ್ಲರೂ ನಕ್ಕರು. ಅವನಿಗೆ ಮಾತ್ರ ಅದು ಹಿಡಿಸಿತು. ಏಪ್ರಿಲ್ ಸೆಕೆಯಲ್ಲಿ ಹಿಟ್ಟು ಅವಸರ ಮಾಡುತ್ತದೆ, ಸ್ವಲ್ಪ ಕಣ್ಣು ತಪ್ಪಿದರೆ ಹುಳಿ ವಾಸನೆ. ಜುಲೈ ಮಳೆಯಲ್ಲಿ ಅದೇ ಹಿಟ್ಟು ಏಳುವುದೇ ಇಲ್ಲ, ಒಲೆಯ ಪಕ್ಕಕ್ಕೆ ಎಳೆದು ತರಬೇಕು. ಬೆರಳಲ್ಲಿ ಮೆಲ್ಲ ಒತ್ತಿದರೆ ಕುಳಿ ನಿಧಾನವಾಗಿ ಮೇಲೆ ಬರಬೇಕು, ಆಗ ಹದ. ಮುಂದೆ ನಾದುವ ಯಂತ್ರ ಬಂತು. ಬನ್ನು ಕಟ್ಟುವುದು, ಒಲೆ ನೋಡುವುದು ಎಲ್ಲ ಅವನದ್ದೇ ಆಯಿತು. ಬೆಳಿಗ್ಗೆ ಕೆಲಸ ಶುರುವಾದ ಕೂಡಲೇ ಒಮ್ಮೆ ಮೈದಾ ಮೂಟೆಯ ಮೇಲೆ ಕೂರುತ್ತಿದ್ದ. ಆಮೇಲೆ ಸಂಜೆಯವರೆಗೆ ಕೂರುತ್ತಿರಲಿಲ್ಲ. ಮೂಡುಬಿದಿರೆಯ ಸಜ್ನಾಳ ಜತೆ ಮದುವೆಯಾಯಿತು. ಸಂಸಾರ ನಡೆಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವನು ವ್ಯಾನಿನಲ್ಲಿ ಪೊಳಲಿ ಕಡೆಯ ಅಂಗಡಿಗಳಿಗೆ ಬ್ರೆಡ್ಡು ಹಾಕಲು ಹೋಗಿದ್ದ. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ ವ್ಯಾನಿನ ಚಕ್ರ ಬದಿಯ ಕೆಸರಿನಲ್ಲಿ ಹೂತಿತು. ಡ್ರೈವರ್ ಸ್ಟೇರಿಂಗ್ ಹಿಡಿದ, ಝಕರಿಯಾ ಇಳಿದು ಹಿಂದಿನಿಂದ ತಳ್ಳಿದ. ತೋಳು ಹಿಡಿದುಕೊಂಡಿತು. ನಿಲ್ಲಿಸಬೇಕಿತ್ತು. ಆದರೆ ಬಸ್ಸಿನ ಕಿಟಕಿಯಿಂದ ಜನ ನೋಡುತ್ತಿದ್ದರು, ಇಷ್ಟು ದೊಡ್ಡ ಆಳು ತಳ್ಳಲಾರದೆ ನಿಂತ ಎಂದಾಗುವುದು ಬೇಡ ಎಂದು ಹಲ್ಲು ಕಚ್ಚಿ ತಳ್ಳಿದ. ವ್ಯಾನು ಮೇಲೆ ಬಂತು. ಇವನು ಕೆಳಗೆ ಬಿದ್ದ. ಕೈಕಾಲು ಎಲ್ಲ ಗಂಟು ಕಟ್ಟಿ ಮಲಗಿದಲ್ಲಿಂದ ಏಳಲಾಗಲಿಲ್ಲ.

ಸಜ್ನಾ ಆ ದಿನ ಮೂಡುಬಿದಿರೆಯ ತವರಿನಲ್ಲಿದ್ದಳು. ಡ್ರೈವರ್ ನೇರ ಅಲ್ಲಿಗೇ ಕರೆದುಕೊಂಡು ಹೋದ. ಮಧ್ಯಾಹ್ನ ಬಚ್ಚಲಿಗೆ ಹೋದ ಝಕರಿಯಾ ಬಿಳಿಚಿಕೊಂಡು ಹೊರಗೆ ಬಂದ. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಸಜ್ನಾ ಮುಂದಿನದ್ದೇನನ್ನೂ ಕೇಳದೆ ಅವನನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದಳು.

ಅಲ್ಲಿ ಸಿಕ್ಕಿದವರು ಡಾಕ್ಟರ್ ಶಶಿಪ್ರಭಾ. ಮಾಂಸಖಂಡ ಒಡೆದು ಅದರ ಬಣ್ಣ ರಕ್ತಕ್ಕೆ ಸೇರಿದೆ, ಕಿಡ್ನಿ ಕಟ್ಟಿಕೊಳ್ಳುವ ಮೊದಲು ತೊಳೆದು ತೆಗೆಯಬೇಕು ಎಂದು ಬಾಟಲಿ ಮೇಲೆ ಬಾಟಲಿ ಗ್ಲೂಕೋಸು, ಸಲೈನು ಹಾಕಿಸಿದರು. ಮೂತ್ರ ತಿಳಿಯಾಗುವವರೆಗೆ ಸಜ್ನಾ ಉಣ್ಣಲಿಲ್ಲ. ತಿಳಿಯಾದ ದಿನ ಡಾಕ್ಟರು ಹಾಸಿಗೆಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಒಂದು ಪ್ರಶ್ನೆ ಕೇಳಿದರು.

“ಝಕರಿಯಾ, ಹೀಗೆ ಮೈ ಹಿಡಿದುಕೊಂಡಾಗ ಸ್ವಲ್ಪ ಹೊತ್ತು ಕೂತು ಎದ್ದರೆ, ಮತ್ತೆ ಸರಾಗವಾಗಿ ಕೆಲಸ ಮಾಡ್ಲಿಕ್ಕೆ ಆಗ್ತದಾ?”

ಝಕರಿಯಾ ಅವರ ಮುಖವನ್ನೇ ನೋಡಿದ. ಯಾಕೆ ಕೂತೆ ಎಂದು ಲೋಕವೆಲ್ಲ ಅವನನ್ನು ಕೇಳಿತ್ತು. ಎದ್ದ ಮೇಲೆ ಏನಾಯಿತು ಎಂದು ಯಾರೂ ಕೇಳಿರಲಿಲ್ಲ.

“ಆಗ್ತದೆ ಡಾಕ್ಟ್ರೇ. ಸಣ್ಣದರಿಂದಲೂ ಹಾಗೆಯೇ, ಗುಡ್ಡೆಯ ಶಾಲೆಗೆ ಹತ್ತುವಾಗಲೂ” ಎಂದ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ಒದ್ದೆಯಾಯಿತು.

ಮೈ ಪೂರ್ತಿ ಸರಿಯಾದ ಮೇಲೆ ಮತ್ತೆ ಬರಹೇಳಿದರು. ಕೈಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿ, ಮೊದಲೊಮ್ಮೆ ಆಮೇಲೊಮ್ಮೆ ರಕ್ತ ತೆಗೆದರು. ಇನ್ನೊಂದು ಪರೀಕ್ಷೆಗೆ ರಕ್ತವನ್ನು ಹೊರಗೆ ಕಳಿಸಿದರು. ಅದರ ಉತ್ತರ ಬಂದ ದಿನ ಝಕರಿಯಾನ ಜತೆಗೆ ಸಜ್ನಾ ಇದ್ದಳು, ಬದ್ರುದ್ದೀನರೂ ಬಂದಿದ್ದರು. ಎಪ್ಪತ್ತು ದಾಟಿದ್ದರೂ ಮಗನ ವಿಷಯದಲ್ಲಿ ಏನು ತೀರ್ಮಾನವಾಗುತ್ತದೆ ಎಂದು ಕೇಳದೆ ಅವರಿಗೆ ಬೇಕರಿಯಲ್ಲಿ ಕೂರಲಾಗಲಿಲ್ಲ.

“ನಿಮ್ಮ ಬೇಕರಿಯ ಮಾತಿನಲ್ಲೇ ಹೇಳ್ತೇನೆ” ಎಂದು ಶುರು ಮಾಡಿದರು ಡಾಕ್ಟರು. “ಹಿಟ್ಟಿಗೆ ಈಸ್ಟ್ ಹಾಕಿ ಮುಚ್ಚಿಡ್ತೀರಿ. ಅದು ಎಂತ ಮಾಡ್ತದೆ?”

“ಸಕ್ಕರೆ ತಿಂದು ಹಿಟ್ಟು ಉಬ್ಬಿಸ್ತದೆ.”

“ಈಸ್ಟ್ ಅಂದರೆ ಒಂದೊಂದೂ ಒಂದು ಜೀವಕೋಶ. ಬದುಕಲಿಕ್ಕೆ ಅದಕ್ಕೂ ಶಕ್ತಿ ಬೇಕಲ್ಲ? ಅದು ಗ್ಲೂಕೋಸಿನ ಕಣವನ್ನು ಎರಡು ತುಂಡು ಮಾಡ್ತದೆ. ಹಾಗೆ ಒಡೆಯುವಾಗ ಸ್ವಲ್ಪ ಶಕ್ತಿ ಸಿಗ್ತದೆ. ಗ್ಲೈಕಾಲಿಸಿಸ್ ಅಂತ ಅದರ ಹೆಸರು. ಆಮ್ಲಜನಕ ಬೇಡ, ಬೇಗ ಆಗ್ತದೆ, ಆದರೆ ಸಿಗುವುದು ಸ್ವಲ್ಪವೇ. ಉಳಿದ ತುಂಡುಗಳನ್ನು ಈಸ್ಟ್ ಗ್ಯಾಸ್ ಮತ್ತು ಆಲ್ಕೋಹಾಲ್ ಮಾಡಿ ಹೊರಗೆ ಹಾಕ್ತದೆ. ಗ್ಯಾಸಿನಿಂದ ನಿಮ್ಮ ಹಿಟ್ಟು ಉಬ್ಬುವುದು.”

“ಆಲ್ಕೋಹಾಲಾ? ನಮ್ಮ ಬ್ರೆಡ್ಡಿನಲ್ಲಾ?” ಬದ್ರುದ್ದೀನರು ಕುರ್ಚಿಯಿಂದ ಅರ್ಧ ಎದ್ದರು.

“ಹೆದರಬೇಡಿ ಸಾಹೇಬ್ರೇ, ಅದು ಒಲೆಯ ಬಿಸಿಗೆ ಹಾರಿ ಹೋಗ್ತದೆ.” ಡಾಕ್ಟರು ನಕ್ಕು ಮುಂದುವರಿಸಿದರು. “ನಮ್ಮ ಮಾಂಸಖಂಡದಲ್ಲೂ ಮೊದಲ ಕೆಲಸ ಇದುವೇ, ಗ್ಲೂಕೋಸನ್ನು ಎರಡು ತುಂಡು ಮಾಡುವುದು. ನಿಧಾನ ನಡೆಯುವಾಗ ಉಸಿರಿನ ಆಮ್ಲಜನಕ ಸಾಕಾಗ್ತದೆ. ಆಗ ಆ ತುಂಡುಗಳನ್ನು ಪೂರ್ತಿ ಉರಿಸಿ ತುಂಬ ಶಕ್ತಿ ತೆಗೀತದೆ. ತಟ್ಟನೆ ಗುಡ್ಡೆ ಹತ್ತಬೇಕು, ವ್ಯಾನು ತಳ್ಳಬೇಕು ಅಂದರೆ ಅಷ್ಟು ಪುರುಸೊತ್ತಿಲ್ಲ. ಬೇಗ ಬೇಗ ಒಡೆದು, ಉಳಿದದ್ದನ್ನು ಲ್ಯಾಕ್ಟಿಕ್ ಆಸಿಡ್ ಮಾಡಿಬಿಡ್ತದೆ. ಮೊಸರಿನ ಹುಳಿಯೂ ಅದುವೇ.”

ಸಜ್ನಾ ದಿನಾ ರಾತ್ರಿ ಅಪ್ಪದ ಹಿಟ್ಟು ಹುದುಗಲು ಇಡುವವಳು. “ಅಂದರೆ ಓಡಿದರೆ ಎಲ್ಲರ ಮೈಯೂ ಸ್ವಲ್ಪ ಹುಳಿ ಬರ್ತದಾ?” ಎಂದು ಕೇಳಿದಳು.

“ಸರಿಯಾಗಿ ಹೇಳಿದಿರಿ. ನಿಮ್ಮ ಗಂಡನದ್ದು ಬರುವುದಿಲ್ಲ. ಚೆಂಡು ಹಿಸುಕಿದ ಮೇಲೆ ಅವರ ರಕ್ತದಲ್ಲಿ ಆ ಆಸಿಡ್ ಏರಬೇಕಿತ್ತು, ಏರಲೇ ಇಲ್ಲ. ಯಾಕೆ ಗೊತ್ತುಂಟಾ? ಅವಸರದ ಕೆಲಸಕ್ಕೆ ಬೇಕಾದ ಗ್ಲೂಕೋಸನ್ನು ಮಾಂಸಖಂಡ ಗ್ಲೈಕೋಜನ್ ಅಂತ ದಾಸ್ತಾನು ಇಟ್ಟುಕೊಳ್ತದೆ. ಅಲ್ಲಿಂದ ತೆಗೆಯಲಿಕ್ಕೆ ಒಂದು ಕಿಣ್ವ ಬೇಕು. ಇವರಿಗೆ ಹುಟ್ಟಿನಿಂದಲೇ ಅದಿಲ್ಲ. ಗೋಡೌನು ತುಂಬ ಮೈದಾ ಉಂಟು, ಬೀಗದ ಕೈ ಇಲ್ಲ.”

“ಮತ್ತೆ ಕೂತು ಎದ್ದರೆ ಸರಿಯಾಗುವುದು?” ಝಕರಿಯಾ ಕೇಳಿದ.

“ಅಷ್ಟರಲ್ಲಿ ರಕ್ತ ಹೊರಗಿನಿಂದ ತಂದು ಕೊಡ್ತದೆ. ಲಿವರಿನಿಂದ ಗ್ಲೂಕೋಸು, ಮೈಯ ಕೊಬ್ಬು. ಗೋಡೌನಿಗೆ ಬೀಗ ಬಿದ್ದರೂ ಪಕ್ಕದ ಅಂಗಡಿಯಿಂದ ಸಾಮಾನು ಬಂದ ಹಾಗೆ. ಬಂದ ಮೇಲೆ ನೀವು ಯಾರಿಗೂ ಕಡಿಮೆ ಇಲ್ಲ.”

ಬದ್ರುದ್ದೀನರು ಇಷ್ಟೂ ಹೊತ್ತು ನೆಲ ನೋಡುತ್ತಿದ್ದರು. “ಹಾಗಾದರೆ ಇವನು ನಾಟಕ ಮಾಡಿದ್ದಲ್ಲ” ಎಂದರು.

“ರಕ್ತಕ್ಕೆ ನಾಟಕ ಮಾಡ್ಲಿಕ್ಕೆ ಬರುವುದಿಲ್ಲ ಸಾಹೇಬ್ರೇ.”

ಬದ್ರುದ್ದೀನರು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಗನ ಕಡೆಗೆ ತಿರುಗಿ, “ನಿನಗೆ ಮೊದಲೇ ಹೇಳಬಾರದಿತ್ತಾ?” ಎಂದು ಗದರಿದರು. ಝಕರಿಯಾನಿಗೆ ನಗು ತಡೆಯಲಾಗಲಿಲ್ಲ. ಸಜ್ನಾ ನಕ್ಕಳು. ಕೊನೆಗೆ ಮುದುಕರೂ ನಕ್ಕರು, ಬೈರಾಸು ಮಾತ್ರ ಮುಖದ ಮೇಲೆಯೇ ಇತ್ತು.

ಈ ಕಾಯಿಲೆಗೆ ಗುಣವಾಗುವ ಮದ್ದಿಲ್ಲ ಎಂದರು ಡಾಕ್ಟರು. ಭಾರ ತಳ್ಳಬಾರದು. ಮೈ ಹಿಡಿದುಕೊಂಡರೆ ಯಾರು ನೋಡಿದರೂ ಕೂರಬೇಕು, ಹಲ್ಲು ಕಚ್ಚಬಾರದು. ಇಷ್ಟು ಹೇಳಿ, ಇನ್ನೇನೋ ಬರೆಯಲು ಪೆನ್ನು ತೆಗೆದವರು, “ಗುಡ್ಡೆಯ ಶಾಲೆ ಅಂದಿರಲ್ಲ, ಸಣ್ಣದಿರುವಾಗ ದಿನಾ ಹೇಗೆ ಹತ್ತುತ್ತಿದ್ದಿರಿ?” ಎಂದು ಕೇಳಿದರು.

ಝಕರಿಯಾ ಪೂವಕ್ಕನ ಬೆಲ್ಲ ನೀರಿನ ವಿಷಯ ಹೇಳಿದ. ಮಗ್ಗಿಯ ವಿಷಯವನ್ನೂ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

“ನಾನು ಈಗ ಬರೆಯಲಿಕ್ಕೆ ಹೊರಟದ್ದು ಅದನ್ನೇ. ಕಷ್ಟದ ಕೆಲಸಕ್ಕೆ ಸ್ವಲ್ಪ ಮೊದಲು ಸಿಹಿ ನೀರು ಕುಡಿದು, ಅದು ರಕ್ತಕ್ಕೆ ಸೇರುವಷ್ಟು ಹೊತ್ತು ನಿಲ್ಲಬೇಕು ಅಂತ. ಅವರು ಈಗ ಇದ್ದಾರಾ?”

ಝಕರಿಯಾನಿಗೆ ಗೊತ್ತಿರಲಿಲ್ಲ. ಆಸ್ಯಮ್ಮ ತೀರಿಹೋದ ಮೇಲೆ ಅವನು ಲಾಯಿಲದ ಕಡೆಗೆ ಹೋಗಿರಲೇ ಇಲ್ಲ.

ಬೇಕರಿಯಲ್ಲಿ ಮರುದಿನದಿಂದ ಬದ್ರುದ್ದೀನರ ಹೊಸ ಅಭ್ಯಾಸ ಶುರುವಾಯಿತು. ಬನ್ನು ಕೊಳ್ಳಲು ಬಂದವರನ್ನು ಸುಮ್ಮನೆ ಕಳಿಸುವುದಿಲ್ಲ. “ನನ್ನ ಮಗನಿಗೆ ಒಂದು ಕಾಯಿಲೆ ಉಂಟು ಮಾರಾಯ್ರೇ, ಲಕ್ಷದಲ್ಲಿ ಒಬ್ಬರಿಗೆ ಬರುವಂಥದ್ದು” ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಕಾಯಿಲೆಯ ಇಂಗ್ಲಿಷ್ ಹೆಸರನ್ನು ದಿನಕ್ಕೊಂದು ಥರ ಹೇಳುತ್ತಾರೆ. ಮೈದಾ ಮೂಟೆಯ ಬದಲಿಗೆ ಮಗನಿಗೆ ಒಂದು ಕೈಯಿರುವ ಕುರ್ಚಿ ತರಿಸಿದ್ದಾರೆ. ಅಪ್ಪನ ಈ ಅಬ್ಬರಕ್ಕೆ ಝಕರಿಯಾನಿಗೆ ನಾಚಿಕೆಯೂ ಆಗುತ್ತದೆ, ಹೊಟ್ಟೆ ತುಂಬಿದ ಹಾಗೆಯೂ ಆಗುತ್ತದೆ.

ಆದರೆ ಒಂದು ವಿಷಯ ಅವನನ್ನು ಕೊರೆಯುತ್ತಲೇ ಇತ್ತು. ತನ್ನ ಶಾಲೆಯ ದಿನಗಳನ್ನು ದಾಟಿಸಿದ ಆ ಬೆಲ್ಲ ಬರೀ ಕನಿಕರದ್ದೋ? ಪೂವಕ್ಕನೂ ಎಲ್ಲರ ಹಾಗೆ ಅವನನ್ನು ಸೋಮಾರಿ ಎಂದೇ ತಿಳಿದು, ಆದರೂ ಪಾಪ ಎಂದು ಕೊಟ್ಟರೋ? ಕೇಳದೆ ಇರಲಾಗಲಿಲ್ಲ. ಕೇಳುವುದಕ್ಕಿಂತ ಮೊದಲು ಕೈ ಹಿಡಿದು ಹೇಳಬೇಕಾದದ್ದೂ ಇತ್ತು. ಒಂದು ಭಾನುವಾರ ತಾನೇ ಕಟ್ಟಿ ಬೇಯಿಸಿದ ಸಿಹಿ ಬನ್ನುಗಳನ್ನು ಪೊಟ್ಟಣ ಮಾಡಿಕೊಂಡು ಸಜ್ನಾಳ ಜತೆ ಹೊರಟ. ದಾರಿಯುದ್ದಕ್ಕೂ ತಡವಾಗಿ ಹೋಯಿತೇನೋ ಎಂಬ ಒಂದೇ ಹೆದರಿಕೆ.

ಗುಡ್ಡೆಯ ತಿರುವಿನ ಅಂಗಡಿಯಲ್ಲಿ ಕಾರು ನಿಲ್ಲಿಸಿ, “ಪೂವಕ್ಕ ಇದ್ದಾರಾ?” ಎಂದು ಕೇಳಿದ.

ಅಂಗಡಿಯವನು ನಕ್ಕ. “ಇದ್ದಾರಾ ಅಂತ ಕೇಳ್ತೀರಾ? ಬೆಳಿಗ್ಗೆ ಬೈದದ್ದು ಇಲ್ಲಿವರೆಗೆ ಕೇಳಿದೆ.”

ಝಕರಿಯಾ ಉಸಿರು ಬಿಟ್ಟ. ‘ಅಲ್‌ಹಮ್ದುಲಿಲ್ಲಾಹ್’ ಎಂದು ದೇವರಿಗೆ ಸ್ತುತಿ ಹೇಳಿದಳು ಸಜ್ನಾ.

ಪೂವಕ್ಕ ಜಗಲಿಯಲ್ಲಿ ಕಾಲು ಚಾಚಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಮೈ ಬತ್ತಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಜತ್ತಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ದಾರಿಗೆ ಕಾಂಕ್ರೀಟು ಬಿದ್ದಿತ್ತು, ಆದರೆ ಪಾದೆಕಲ್ಲು ಇದ್ದಲ್ಲೇ ಇತ್ತು.

“ಯಾರದು?”

“ಆಸ್ಯಮ್ಮನ ಮೊಮ್ಮಗ ಪೂವಕ್ಕ, ಝಕರಿಯಾ.”

“ಮಗ್ಗಿ ತಪ್ಪು ಹೇಳುವವನಾ?” ಎಂದರು. ಅಷ್ಟೇ ಬೇಗ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬೆಲ್ಲ, ನೀರು ತಂದರು. ಈ ಸಲ ಅದು ಬಂದವರಿಗೆ ಕೊಡುವ ಬೆಲ್ಲ, ಪದ್ಧತಿಯ ಪ್ರಕಾರವೇ.

ಝಕರಿಯಾ ಕುಡಿದು, ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ವ್ಯಾನು, ಆಸ್ಪತ್ರೆ, ಬೀಗ ಬಿದ್ದ ಗೋಡೌನು, ಹುಳಿ ಬಾರದ ಮೈ. ಪೂವಕ್ಕ ಬೀಜ ಸುಲಿಯುತ್ತಲೇ ಕೇಳಿದರು. ಕೊನೆಗೆ ಅವನು ಅವರ ಕೈ ಹಿಡಿದುಕೊಂಡ.

“ನೀವು ಕೊಟ್ಟದ್ದರಿಂದ ನಾನು ಶಾಲೆ ಕಲಿತೆ ಪೂವಕ್ಕ. ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ಪಾಪ ಅಂತ ಕೊಡ್ತಿದ್ದಿರಾ?”

“ಪಾಪವಾ? ನಿನ್ನ ಮೇಲೆ ಎಂತಕ್ಕೆ ಪಾಪ? ನಿನ್ನ ಅಜ್ಜಿಯ ಮನೆಯಲ್ಲಿ ದಿನಾ ಮೀನು ಬೇಯ್ತಿತ್ತು, ನಮ್ಮಲ್ಲಿ ಅದೂ ಇರಲಿಲ್ಲ!” ಪೂವಕ್ಕನ ಸ್ವರ ಏರಿತು. “ಈ ಜಗಲಿಯಲ್ಲಿ ಕೂತರೆ ಗುಡ್ಡೆ ಪೂರಾ ಕಾಣ್ತಿತ್ತು ಮಾರಾಯ. ನೀನು ಕಲ್ಲಿನ ಮೇಲೆ ಕೂರುವುದನ್ನು ನೋಡಿದ್ದೇನೆ. ಎದ್ದ ಮೇಲೆ ಎಂತಾಗ್ತಿತ್ತು, ಅದನ್ನೂ ನೋಡಿದ್ದೇನೆ. ಮುಂದೆ ಓಡಿದವರು ಮೇಲೆ ಏದುಸಿರು ಬಿಟ್ಟುಕೊಂಡು ನಿಲ್ತಿದ್ರು, ನೀನು ಅವರನ್ನು ದಾಟಿ ಹೋಗ್ತಿದ್ದೆ. ಸೋಮಾರಿ ಹಾಗೆ ಹತ್ತುತ್ತಾನಾ? ಸೋಮಾರಿ ಹೇಗಿರ್ತಾನೆ ಅಂತ ನನಗೆ ಗೊತ್ತಿಲ್ಲವಾ, ಒಬ್ಬನನ್ನು ಕಟ್ಟಿಕೊಂಡು ಸಂಸಾರ ಮಾಡಿದವಳು!”

ಸಜ್ನಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ನಿನಗೆ ಶುರು ಮಾತ್ರ ಕಷ್ಟ ಅಂತ ಗೊತ್ತಾಯ್ತು. ಯಾಕೆ ಅಂತ ಗೊತ್ತಾಗಲಿಲ್ಲ. ಒಂದು ದಿನ ನೀರು ಕೇಳಿದೆ, ಬೆಲ್ಲ ಕೊಟ್ಟೆ. ಆ ದಿನ ನೀನು ಕೂತದ್ದು ಸ್ವಲ್ಪವೇ. ಮರುದಿನ ಸ್ವಲ್ಪ ತಡೆದು ಬಿಟ್ಟೆ, ಕೂರಲೇ ಇಲ್ಲ. ಸುಮ್ಮನೆ ನಿಲ್ಲು ಅಂದರೆ ನೀನು ನಿಲ್ಲಬೇಕಲ್ಲ, ಅದಕ್ಕೇ ಮಗ್ಗಿ.”

“ಯಾರಿಗಾದರೂ ಹೇಳಬಹುದಿತ್ತಲ್ಲ ಪೂವಕ್ಕ?”

“ನಿನ್ನ ಮಾಷ್ಟ್ರಿಗೆ ಹೇಳಿದೆ. ಅವರು ನಕ್ಕರು.” ಪೂವಕ್ಕ ಪೊರೆ ಬಂದ ಕಣ್ಣುಗಳನ್ನು ಅವನ ಮುಖದ ಕಡೆಗೆ ತಿರುಗಿಸಿದರು. “ನಿನಗೆ ಹೇಳಲಿಲ್ಲ, ಅದು ಹೌದು. ನೀನು ಸೋಮಾರಿ ಅಲ್ಲ ಅಂತ ನಿನಗೆ ಗೊತ್ತುಂಟು ಅಂದುಕೊಂಡಿದ್ದೆ ಮಗಾ.”

ಝಕರಿಯಾ ಅವರ ಕೈಯನ್ನು ಹಣೆಗೆ ಒತ್ತಿಕೊಂಡು ಹಾಗೆಯೇ ಕೂತ. ಅಳುವುದಕ್ಕೆ ಅವನಿಗೆ ಈಗ ಯಾವ ಸಂಕೋಚವೂ ಇರಲಿಲ್ಲ. ಪೂವಕ್ಕ ಇನ್ನೊಂದು ಕೈಯಲ್ಲಿ ಬನ್ನಿನ ಪೊಟ್ಟಣ ಬಿಚ್ಚಿ, ಒಂದನ್ನು ಮುರಿದು ಬಾಯಿಗಿಟ್ಟು, ಮೆತ್ತಗಿದೆ ಎಂದು ತಲೆಯಾಡಿಸಿದರು.

“ಬೆಲ್ಲ ಕುಡಿದು ಹೊತ್ತಾಯ್ತಲ್ಲ. ಹೋಗು, ಹತ್ತು ನೋಡುವ” ಎಂದರು ಆಮೇಲೆ.

ಝಕರಿಯಾ ಚಪ್ಪಲಿ ಮೆಟ್ಟಿಕೊಂಡು ಹೊರಟ. ಓಡಲಿಲ್ಲ, ಒಂದೇ ಸಮನೆ ನಡೆದ. ಭಾನುವಾರ, ದಾರಿ ಖಾಲಿ. ಕಾಂಕ್ರೀಟಿನ ಬದಿಯಲ್ಲಿ ಪಾದೆಕಲ್ಲು ಕಂಡಿತು, ಹತ್ತಿರ ಬಂತು. ತೊಡೆಗಳು ಹಗುರವಾಗಿಯೇ ಇದ್ದವು. ಕೆಳಗಿನಿಂದ ಪೂವಕ್ಕನ ಸ್ವರ ಕೇಳಿತು. ಅವರಿಗೆ ಅಷ್ಟು ದೂರ ಕಾಣುವುದಿಲ್ಲ, ಸಜ್ನಾಳನ್ನು ಕೇಳುತ್ತಿದ್ದರು. ಆದರೆ ಆ ಸ್ವರ ಇಂದಿಗೂ ಗುಡ್ಡೆಯ ಮೇಲಿನ ಶಾಲೆಯವರೆಗೂ ಮುಟ್ಟುತ್ತದೆ.

“ಕೂತನಾ?”

ಸಜ್ನಾ ಏನು ಹೇಳಿದಳೋ ಕೇಳಿಸಲಿಲ್ಲ. ಝಕರಿಯಾ ಕಲ್ಲನ್ನು ದಾಟಿ, ಹಿಂದೆ ತಿರುಗಿ, ಕೈಯೆರಡನ್ನೂ ಬಾಯಿಗೆ ಒಡ್ಡಿ, ತನ್ನ ಜೀವಮಾನದಲ್ಲೇ ಎಂದೂ ಕೂಗದಷ್ಟು ಗಟ್ಟಿಯಾಗಿ ಕೂಗಿದ:

“ಕೂರಲಿಲ್ಲ ಪೂವಕ್ಕ!”